ಅಪರಿಚಿತ ದನಿಗಳಿಗೆ ಕಿವಿಯಾದ ಜಾನ್ ಪೀಲ್

1967ರಿಂದ 2004ರವರೆಗಿನ ಮೂವತ್ತೇಳು ವರ್ಷಗಳಲ್ಲಿ ಬ್ರಿಟನ್ನಿನ ಯಾವುದೋ ಊರಿನ ಹೆಸರಿಲ್ಲದ ವಾದ್ಯತಂಡವೊಂದು ಸಾಲಸೋಲ ಮಾಡಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದರೆ, ಅದರ ಒಂದು ಪ್ರತಿ ಬಿ.ಬಿ.ಸಿ.ಯ ಒಬ್ಬ ನಿರೂಪಕರ ಹೆಸರಿಗೆ ಅಂಚೆಯಲ್ಲಿ ಹೋಗುವುದು ವಾಡಿಕೆಯಾಗಿತ್ತು. ಆ ನಿರೂಪಕರೇ ಜಾನ್ ಪೀಲ್. ಅವರು ಗಾಯಕರಲ್ಲ, ರಾಗಸಂಯೋಜಕರಲ್ಲ, ಯಾವ ವಾದ್ಯದಲ್ಲೂ ಪರಿಣತರಲ್ಲ. ಆದರೂ ಆಂಗ್ಲ ಜನಪ್ರಿಯ ಸಂಗೀತದ ಕಳೆದ ಅರ್ಧ ಶತಮಾನದ ಚರಿತ್ರೆಯನ್ನು ಬರೆಯ ಹೊರಟವರು ಅವರ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಅವರು ಮಾಡಿದ್ದು ಕೇಳುವ ಕೆಲಸ. ಕೇಳಿದ್ದರಲ್ಲಿ ಹಿಡಿಸಿದ್ದನ್ನು ರಾತ್ರಿಯ ಹೊತ್ತು ಇತರರಿಗೂ ಕೇಳಿಸುವ ಕೆಲಸ.

ನಮ್ಮ ದೇಶದ ಹಿರಿಯ ಕೇಳುಗರಿಗೆ ಬಾನುಲಿ ನಿರೂಪಕರೆಂದರೆ ಒಡನೆ ನೆನಪಾಗುವವರು ‘ಬಿನಾಕಾ ಗೀತಮಾಲಾ’ದ ಅಮೀನ್ ಸಯಾನಿ. 1952ರಲ್ಲಿ ರೇಡಿಯೋ ಸಿಲೋನಿನಿಂದ ಮೊದಲಾದ ಆ ಕಾರ್ಯಕ್ರಮ, ಜನ ಆಗಲೇ ಮೆಚ್ಚಿಕೊಂಡಿದ್ದ ಚಿತ್ರಗೀತೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಸ್ಥಾನ ಕೊಡುತ್ತಿತ್ತು. ಪೀಲ್ ಅವರ ದಾರಿ ಇದಕ್ಕೆ ತೀರ ವಿರುದ್ಧವಾದುದು. ಜನ ಮೆಚ್ಚಿದ ಹಾಡಿನ ಗೊಡವೆ ಅವರಿಗಿರಲಿಲ್ಲ. ಯಾರೂ ಕೇಳದ ಹಾಡು ಎಲ್ಲಿದೆ ಎಂಬುದಷ್ಟೇ ಅವರ ಚಿಂತೆಯಾಗಿತ್ತು.

ಹತ್ತಿಯ ವ್ಯಾಪಾರಿಯ ಮಗ

ಜಾನ್ ರಾಬರ್ಟ್ ಪಾರ್ಕರ್ ರೇವನ್ಸ್‌ಕ್ರಾಫ್ಟ್ ಎಂಬುದು ಅವರ ಪೂರ್ಣ ನಾಮಧೇಯ. ಲಿವರ್‌ಪೂಲ್ ಸಮೀಪದ ಹೆಸ್‌ವಾಲ್‌ನಲ್ಲಿ 1939ರ ಆಗಸ್ಟ್ 30ರಂದು ಜನನ. ತಂದೆ ಹತ್ತಿಯ ವ್ಯಾಪಾರಿ. ಮಗು ಹುಟ್ಟಿದ ನಾಲ್ಕೇ ದಿನಕ್ಕೆ ಬ್ರಿಟನ್ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ತಂದೆ ಸೇನೆಯಲ್ಲಿದ್ದುದರಿಂದ ಬಾಲ್ಯದ ಮೊದಲ ವರ್ಷಗಳಲ್ಲಿ ಅಪ್ಪನ ಮುಖವನ್ನು ಕಂಡದ್ದೇ ಅಪರೂಪ. ಮುಂದೆ ಉಳ್ಳವರ ಮನೆಯ ಮಕ್ಕಳು ಹೋಗುವಂತೆ ವಸತಿ ಶಾಲೆ, ಅನಂತರ ಹೆಸರಾಂತ ಶ್ರೂಸ್‌ಬರಿ ಶಾಲೆ. ಓದಿನಲ್ಲಿ ಹೇಳಿಕೊಳ್ಳುವಂಥ ಸಾಧನೆಯೇನೂ ಇರಲಿಲ್ಲ. ಆದರೆ ಅಲ್ಲಿನ ಉಪಾಧ್ಯಾಯರೊಬ್ಬರು ಈ ಹುಡುಗನ ವರದಿಯಲ್ಲಿ, ಯಾರಿಂದಲೂ ಕೇಳಲಾಗದ ಧ್ವನಿಮುದ್ರಿಕೆಗಳ ಮೇಲೆ ಇವನಿಗಿರುವ ಹುಚ್ಚೇ ಮುಂದೊಂದು ದಿನ ಇವನ ಹೊಟ್ಟೆಪಾಡಾದರೂ ಆದೀತೆಂಬ ಅರ್ಥದ ಮಾತನ್ನು ಅರ್ಧ ಹಾಸ್ಯಕ್ಕೆಂಬಂತೆ ಬರೆದಿದ್ದರು. ಶಾಲಾ ವರದಿಯೊಂದು ಇಷ್ಟು ನಿಖರವಾಗಿ ಫಲಿಸಿದ ನಿದರ್ಶನ ಬಹಳ ಸಿಗಲಾರದು.

1957ರಿಂದ ಎರಡು ವರ್ಷ ಸೇನೆಯಲ್ಲಿ ಕಡ್ಡಾಯ ಸೇವೆ, ರಾಡಾರ್ ವಿಭಾಗದಲ್ಲಿ. ಆಮೇಲೆ ಕೆಲಕಾಲ ರಾಚ್‌ಡೇಲ್‌ನ ಹತ್ತಿಯ ಗಿರಣಿಯಲ್ಲಿ ದುಡಿಮೆ. 1960ರಲ್ಲಿ ತಂದೆ ಮಗನನ್ನು ಅಮೆರಿಕದ ಟೆಕ್ಸಸ್‌ಗೆ ಕಳುಹಿಸಿದರು. ಹತ್ತಿಯ ವ್ಯವಹಾರ ಕಲಿಯಲೆಂಬುದು ಉದ್ದೇಶ. ಮಗ ಕಲಿತದ್ದು ಬೇರೆಯದೇ. ವಿಮೆ ಮಾರಿದರು, ಇನ್ನೂ ಹಲವು ಚಿಲ್ಲರೆ ಉದ್ಯೋಗಗಳನ್ನು ಮಾಡಿದರು. ರಾತ್ರಿಯ ಹೊತ್ತು ಡಲ್ಲಾಸ್‌ನ ಬಾನುಲಿ ಕೇಂದ್ರವೊಂದರಲ್ಲಿ ತಮ್ಮ ಬಳಿಯಿದ್ದ ಬ್ಲೂಸ್ ಮುದ್ರಿಕೆಗಳನ್ನು ನುಡಿಸಿದರು. 1963ರ ನವೆಂಬರ್‌ನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾದಾಗ ಅದೇ ನಗರದಲ್ಲಿದ್ದ ಈ ತರುಣ, ಲಿವರ್‌ಪೂಲಿನ ಪತ್ರಿಕೆಯೊಂದರ ವರದಿಗಾರನೆಂದು ಹೇಳಿಕೊಂಡು, ಆರೋಪಿ ಓಸ್ವಾಲ್ಡ್‌ನನ್ನು ಪತ್ರಕರ್ತರ ಮುಂದೆ ನಿಲ್ಲಿಸಿದ ಕೊಠಡಿಯೊಳಕ್ಕೂ ನುಸುಳಿದ್ದರು. ಆ ದಿನದ ಚಲನಚಿತ್ರ ತುಣುಕಿನಲ್ಲಿ ಅವರ ಮುಖ ಇಂದಿಗೂ ಕಾಣಸಿಗುತ್ತದೆ.

ಮರುವರ್ಷ ಬೀಟಲ್ಸ್ ಅಲೆ ಅಮೆರಿಕವನ್ನು ಅಪ್ಪಳಿಸಿತು. ಲಿವರ್‌ಪೂಲ್ ಕಡೆಯ ಉಚ್ಚಾರಣೆಯುಳ್ಳ ಯಾವನೇ ಆದರೂ ಆಗ ಅಲ್ಲಿ ಪಂಡಿತನೇ! ಡಲ್ಲಾಸ್‌ನ ಜನಪ್ರಿಯ ಕೇಂದ್ರವೊಂದು ಇವರನ್ನು ಬೀಟಲ್ಸ್ ತಜ್ಞರೆಂದು ಕರೆಸಿಕೊಂಡಿತು. ಅಲ್ಲಿಂದ ಒಕ್ಲಹೋಮ ಸಿಟಿ, ಬಳಿಕ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋ.

ಈ ಅಮೆರಿಕ ವಾಸದ ಇನ್ನೊಂದು ಸಂಗತಿಯನ್ನು ಮರೆಮಾಚಿ ಅವರ ಜೀವನವನ್ನು ಹೇಳುವುದು ಸರಿಯಾಗದು. 1965ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ವಿವಾಹವಾದ ಟೆಕ್ಸಸ್‌ನ ಹುಡುಗಿಗೆ ಆಗ ಕೇವಲ 15 ವರ್ಷ. ಆಕೆ ತನ್ನ ನಿಜವಾದ ವಯಸ್ಸನ್ನು ಮುಚ್ಚಿಟ್ಟಿದ್ದಳೆಂಬುದು ಅವರ ವಿವರಣೆಯಾಗಿತ್ತು. ಆ ದಾಂಪತ್ಯ ಬಹುಕಾಲ ಬಾಳಲಿಲ್ಲ, 1973ರಲ್ಲಿ ವಿಚ್ಛೇದನವಾಯಿತು. ಆ ದಿನಗಳಲ್ಲಿ ತಮ್ಮ ಸುತ್ತ ನೆರೆಯುತ್ತಿದ್ದ ಚಿಕ್ಕ ವಯಸ್ಸಿನ ಹುಡುಗಿಯರ ಬಗ್ಗೆ ಅವರು 1970ರ ದಶಕದ ಸಂದರ್ಶನಗಳಲ್ಲಿ ಹಗುರವಾಗಿ ಆಡಿದ್ದ ಮಾತುಗಳು, ಬ್ರಿಟಿಷ್ ಪ್ರಸಾರ ಲೋಕದ ಹಳೆಯ ತಲೆಮಾರಿನ ನಡವಳಿಕೆ 2012ರಲ್ಲಿ ಪ್ರಶ್ನೆಗೊಳಗಾದಾಗ ಮತ್ತೆ ಚರ್ಚೆಗೆ ಬಂದವು. ಉತ್ತರ ಹೇಳಲು ಅವರು ಆಗ ಬದುಕಿರಲಿಲ್ಲ. ಅವರ ಕಿವಿಯನ್ನು ಕೊಂಡಾಡುವವರು ಈ ಪುಟವನ್ನೂ ಓದಿಯೇ ಕೊಂಡಾಡಬೇಕಾಗಿದೆ.

ಹಡಗಿನಿಂದ ಬಂದ ದನಿ

1967ರ ಆರಂಭದಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಬ್ರಿಟನ್ನಿನಲ್ಲಿ ಆಗ ಬಾನುಲಿ ಎಂದರೆ ಬಿ.ಬಿ.ಸಿ.ಯೊಂದೇ, ಅದರಲ್ಲಿ ಪಾಪ್ ಸಂಗೀತಕ್ಕೆ ದೊರೆಯುತ್ತಿದ್ದುದು ಅತ್ಯಲ್ಪ ಅವಕಾಶ. ಆ ಕೊರತೆಯನ್ನು ತುಂಬಿದವು ಕರಾವಳಿಯಾಚೆ ಲಂಗರು ಹಾಕಿದ ಹಡಗುಗಳಿಂದ ಪರವಾನಗಿಯಿಲ್ಲದೆ ಪ್ರಸಾರ ಮಾಡುತ್ತಿದ್ದ ಕಡಲ್ಗಳ್ಳ ಕೇಂದ್ರಗಳು. ಅಂಥದ್ದೊಂದಾದ ರೇಡಿಯೋ ಲಂಡನ್ ಇವರನ್ನು ಸೇರಿಸಿಕೊಂಡಿತು. ರೇವನ್ಸ್‌ಕ್ರಾಫ್ಟ್ ಎಂಬ ಉದ್ದನೆಯ ಹೆಸರು ಬಾನುಲಿಗೆ ಒಗ್ಗದೆಂದು ಅಲ್ಲಿನ ಕಚೇರಿಯ ಸಿಬ್ಬಂದಿಯೊಬ್ಬರು ಸೂಚಿಸಿದ ‘ಪೀಲ್’ ಎಂಬ ಪುಟ್ಟ ಹೆಸರು ಕೊನೆಯತನಕ ಅಂಟಿಕೊಂಡಿತು. ಮಧ್ಯರಾತ್ರಿ 12ರಿಂದ 2 ಗಂಟೆಯವರೆಗಿನ ಅವರ ‘ಪರ್ಫ್ಯೂಮ್ಡ್ ಗಾರ್ಡನ್’ ಕಾರ್ಯಕ್ರಮವನ್ನು ಮೇಲಿನವರು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಆ ಸ್ವಾತಂತ್ರ್ಯವೇ ಅವರಿಗೆ ವರವಾಯಿತು. ಜಾಹೀರಾತು ಪದ್ಧತಿಯನ್ನೂ ಜನಪ್ರಿಯ ಹಾಡುಗಳ ಪಟ್ಟಿಯನ್ನೂ ಬದಿಗೊತ್ತಿ ತಮಗೆ ಬೇಕಾದುದನ್ನು ನುಡಿಸಿದರು.

ಸರ್ಕಾರ ಕಾನೂನು ತಂದಿತು. 1967ರ ಆಗಸ್ಟ್ 14ರಂದು ರೇಡಿಯೋ ಲಂಡನ್ ಮೌನವಾಯಿತು. ಅದೇ ಸೆಪ್ಟೆಂಬರ್ 30ರಂದು ಬಿ.ಬಿ.ಸಿ. ಯುವಜನರಿಗಾಗಿ ರೇಡಿಯೋ 1 ಆರಂಭಿಸಿ, ಹಡಗಿನಿಂದಿಳಿದ ಹಲವರಿಗೆ ಕೆಲಸ ಕೊಟ್ಟಿತು. ಆ ಮೊದಲ ತಂಡದಲ್ಲಿ ಕೊನೆಯವರೆಗೆ ಉಳಿದವರು ಪೀಲ್ ಒಬ್ಬರೇ.

ಬಿ.ಬಿ.ಸಿ.ಯಲ್ಲಿ ಅವರಿಗೆ ದೊರೆತ ದೊಡ್ಡ ಉಪಕರಣ ಒಂದು ಅಡಚಣೆಯ ರೂಪದಲ್ಲಿ ಬಂದಿತು. ಸಂಗೀತಗಾರರ ಸಂಘ ಮತ್ತು ಧ್ವನಿಮುದ್ರಿಕೆ ಕಂಪನಿಗಳೊಡನೆ ಆಗಿದ್ದ ಒಪ್ಪಂದದಂತೆ, ದಿನಕ್ಕೆ ಇಷ್ಟು ಗಂಟೆ ಮಾತ್ರ ಮುದ್ರಿಕೆಗಳನ್ನು ನುಡಿಸಬಹುದೆಂಬ ಕಟ್ಟುಪಾಡು ಬಿ.ಬಿ.ಸಿ.ಗಿತ್ತು. ವಾದ್ಯಗಾರರ ಅನ್ನಕ್ಕೆ ಕಲ್ಲು ಬೀಳದಿರಲಿ ಎಂಬುದು ಇದರ ಹಿಂದಿನ ಆಶಯ. ಉಳಿದ ಹೊತ್ತನ್ನು ತುಂಬಬೇಕಾದರೆ ತಂಡಗಳನ್ನೇ ಸ್ಟುಡಿಯೋಗೆ ಕರೆಸಬೇಕು. ಹೀಗೆ ರೂಪುಗೊಂಡದ್ದು ‘ಪೀಲ್ ಸೆಷನ್’. ಸಾಮಾನ್ಯವಾಗಿ ನಾಲ್ಕು ಹಾಡು. ಬಹುಪಾಲು ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ ಮುದ್ರಿಸಿ ಮುಗಿಸಬೇಕು. ತಿದ್ದಿ ತೀಡಲು ಸಮಯವಿಲ್ಲ. ಆ ಅವಸರವೇ ಅವುಗಳಿಗೆ ಕಸುವು ತಂದಿತು. ಎರಡು ಸಾವಿರಕ್ಕೂ ಹೆಚ್ಚು ತಂಡಗಳು ಮತ್ತು ಕಲಾವಿದರಿಂದ ನಾಲ್ಕು ಸಾವಿರಕ್ಕೂ ಮಿಕ್ಕಿದ ಇಂಥ ಮುದ್ರಣಗಳು ನಡೆದವು. ಇವರಲ್ಲಿ ಬಹುಮಂದಿಗೆ ಆಗ ಯಾವ ಕಂಪನಿಯೊಡನೆಯೂ ಒಪ್ಪಂದವಿರಲಿಲ್ಲ. 1981ರಲ್ಲಿ ಶೆಫೀಲ್ಡ್‌ನ ಜಾರ್ವಿಸ್ ಕಾಕರ್ ಎಂಬ ಶಾಲಾ ಬಾಲಕ ತನ್ನ ತಂಡದ ಧ್ವನಿಸುರುಳಿಯೊಂದನ್ನು ಊರಿಗೆ ಬಂದಿದ್ದ ಪೀಲ್ ಅವರ ಕೈಗಿತ್ತ. ಅದೇ ವರ್ಷ ಸೆಷನ್ನಿಗೆ ಕರೆ ಬಂದಿತು. ‘ಪಲ್ಪ್’ ಎಂಬ ಆ ತಂಡ ದೇಶಕ್ಕೆಲ್ಲ ಪರಿಚಿತವಾದದ್ದು ಹತ್ತು ಹದಿಮೂರು ವರ್ಷಗಳ ಅನಂತರ. ‘ದಿ ಸ್ಮಿತ್ಸ್’ ತಂಡದ ಮೊದಲ ಸೆಷನ್ 1983ರಲ್ಲಿ ಪ್ರಸಾರವಾಯಿತು. ಈ ಬಾನುಲಿ ಮುದ್ರಣಗಳನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, ಮರುವರ್ಷ ಅವುಗಳಲ್ಲಿ ಹಲವನ್ನು ಸೇರಿಸಿ ಆಲ್ಬಮ್ಮೇ ಬಂದಿತು.

ಅವರ ನಿರೂಪಣೆಯ ರೀತಿಯೂ ಬೇರೆ. ಹಾಡಿನ ಮೇಲೆ ಮಾತು ಹೇರುತ್ತಿರಲಿಲ್ಲ. ಹಾಡು ಪೂರ್ತಿ ಮುಗಿದ ಮೇಲೆ ತಂಡದ ಹೆಸರು, ಮುದ್ರಿಕೆಯ ಹೆಸರು, ಹೊರತಂದ ಪುಟ್ಟ ಸಂಸ್ಥೆಯ ಹೆಸರು. ಅದನ್ನು ಗುರುತು ಹಾಕಿಕೊಂಡು ಮರುದಿನ ಅಂಗಡಿಗೆ ಹೋಗುವುದು ಕೇಳುಗನ ಪಾಲಿನ ಕೆಲಸ. ನಿಧಾನವಾದ, ಕೊಂಚ ಬೇಸರ ಹೊತ್ತಂಥ ದನಿ. ಆಗಾಗ್ಗೆ ಮುದ್ರಿಕೆಯನ್ನು ತಪ್ಪು ವೇಗದಲ್ಲಿ ತಿರುಗಿಸಿಬಿಡುತ್ತಿದ್ದುದೂ ಉಂಟು. 1983ರಲ್ಲಿ ಒಮ್ಮೆ ಪ್ರಸಾರದ ನಡುವೆ ತಮಗೆ ಹಸಿವಾಗಿದೆಯೆಂದು ಅವರು ಹೇಳಿಕೊಂಡರು. ಇದನ್ನು ಕೇಳಿದ ಬಿಲ್ಲಿ ಬ್ರ್ಯಾಗ್ ಎಂಬ ಬಡ ಗಾಯಕ ಅಣಬೆಯ ಬಿರಿಯಾನಿ ಕಟ್ಟಿಸಿಕೊಂಡು, ಜೊತೆಗೆ ತನ್ನ ಮೊದಲ ಮುದ್ರಿಕೆಯನ್ನೂ ಹಿಡಿದುಕೊಂಡು ಬಿ.ಬಿ.ಸಿ. ಬಾಗಿಲಿಗೆ ಬಂದ. ಪೀಲ್ ಬಿರಿಯಾನಿ ತಿಂದರು, ಹಾಡನ್ನೂ ನುಡಿಸಿದರು, ಅದೂ ತಪ್ಪು ವೇಗದಲ್ಲಿ! ಬಿರಿಯಾನಿ ತರದಿದ್ದರೂ ಆ ಹಾಡನ್ನು ನುಡಿಸುತ್ತಿದ್ದೆನೆಂದು ಅವರು ಆಮೇಲೆ ಸ್ಪಷ್ಟಪಡಿಸಬೇಕಾಯಿತು.

ಸ್ನೇಹಕ್ಕಾಗಿ ಕಿವಿಯನ್ನು ಒತ್ತೆಯಿಡುವ ಸ್ವಭಾವ ಅವರದಾಗಿರಲಿಲ್ಲ. ಮಾರ್ಕ್ ಬೋಲನ್ ಅವರ ಆಪ್ತಮಿತ್ರ. ಹೆಸರಿಲ್ಲದಿದ್ದಾಗ ಎತ್ತಿ ಹಿಡಿದವರು ಇವರೇ. 1971ರಲ್ಲಿ ಬೋಲನ್ ಜನಪ್ರಿಯತೆಯ ಶಿಖರವೇರಿದಾಗ ಅವರ ಹೊಸ ಹಾಡು ತಮಗೆ ಹಿಡಿಸಲಿಲ್ಲವೆಂದು ಪೀಲ್ ಬಾನುಲಿಯಲ್ಲೇ ತಿಳಿಸಿದರು. ಗೆಳೆತನ ಅಲ್ಲಿಗೆ ಬಹುಮಟ್ಟಿಗೆ ಮುರಿದುಬಿತ್ತು. ಇನ್ನು ವ್ಯಾಪಾರದ ಚಾತುರ್ಯವಂತೂ ಇರಲೇ ಇಲ್ಲ. 1969ರಲ್ಲಿ ಜೊತೆಗಾರರೊಡನೆ ‘ಡ್ಯಾಂಡಿಲಿಯನ್’ ಎಂಬ ಸ್ವಂತ ಸಂಸ್ಥೆ ತೆರೆದು ಬ್ರಿಜೆಟ್ ಸೇಂಟ್ ಜಾನ್ ಮೊದಲಾದವರ ಆಲ್ಬಂಗಳನ್ನು ಹೊರತಂದು, ಕೆಲವೇ ವರ್ಷಗಳಲ್ಲಿ ನಷ್ಟದಿಂದ ಮುಚ್ಚಿದರು.

ಐದು ನೂರು ಪೌಂಡಿನ ಕ್ರಾಂತಿ

1976ರಲ್ಲಿ ಅಮೆರಿಕದ ‘ರಮೋನ್ಸ್’ ತಂಡದ ಮೊದಲ ಆಲ್ಬಂ ಪೀಲ್ ಅವರ ಕೈಸೇರಿತು. ಎರಡೆರಡು ನಿಮಿಷದ, ಒರಟು ಒರಟಾದ ಹಾಡುಗಳು. ಅದುವರೆಗೆ ಅವರ ಕಾರ್ಯಕ್ರಮದಲ್ಲಿ ದೀರ್ಘ, ಗಂಭೀರ ರಾಕ್ ರಚನೆಗಳಿಗೆ ಮರುಳಾಗಿದ್ದ ಕೇಳುಗರು ಕೆರಳಿ ಪತ್ರ ಬರೆದರು. ಇಂಥದ್ದನ್ನು ಇನ್ನು ನುಡಿಸಕೂಡದೆಂದು ಒತ್ತಾಯಿಸಿದರು. ಪೀಲ್ ಇನ್ನಷ್ಟು ನುಡಿಸಿದರು. ಕೇಳುಗ ವರ್ಗವೇ ಬದಲಾಯಿತು. ಹಿರಿಯರು ದೂರವಾದರು, ಹದಿಹರೆಯದವರು ಹತ್ತಿರವಾದರು. ಮೂವತ್ತೇಳರ ಹರೆಯದಲ್ಲಿ, ಸುಭದ್ರವಾಗಿದ್ದ ತನ್ನ ಕೇಳುಗ ಬಳಗವನ್ನು ಕೈಯಾರೆ ಕಳೆದುಕೊಳ್ಳುವುದು ಸಣ್ಣ ಸಾಹಸವಲ್ಲ.

ಸ್ವತಂತ್ರ ಸಂಗೀತವೆಂದು ಇಂದು ನಾವು ಕರೆಯುವುದರ ಬೇರುಗಳಿರುವುದೂ ಇಲ್ಲಿಯೇ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ‘ಬಜ್‌ಕಾಕ್ಸ್’ ಹುಡುಗರು ಸುಮಾರು 500 ಪೌಂಡು ಸಾಲ ಎತ್ತಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಮುದ್ರಿಕೆಯ ಒಂದು ಸಾವಿರ ಪ್ರತಿ ತಾವೇ ಹೊರತಂದರು. ಲಂಡನ್ನಿನ ದೊಡ್ಡ ಕಂಪನಿಗಳ ಬಾಗಿಲು ಕಾಯದೆಯೂ ಹಾಡನ್ನು ಲೋಕಕ್ಕೆ ಕಳಿಸಬಹುದೆಂಬ ಅರಿವು ಊರೂರಿಗೆ ಹರಡಿತು. ಮುದ್ರಿಸುವುದೇನೋ ಸಾಧ್ಯವಾಯಿತು, ಕೇಳಿಸುವವರು ಯಾರು? ಹಗಲಿನ ಬಾನುಲಿ ಇವರನ್ನು ಮೂಸಿಯೂ ನೋಡುತ್ತಿರಲಿಲ್ಲ. ಆ ಸರಪಳಿಯ ಕೊನೆಯ ಕೊಂಡಿಯಾದವರು ಪೀಲ್. 1978ರಲ್ಲಿ, ಗಲಭೆಗಳಿಂದ ನಲುಗಿದ್ದ ಉತ್ತರ ಐರ್ಲೆಂಡಿನ ಡೆರಿ ಪಟ್ಟಣದ ‘ಅಂಡರ್‌ಟೋನ್ಸ್’ ಎಂಬ ಹುಡುಗರ ‘ಟೀನೇಜ್ ಕಿಕ್ಸ್’ ಮುದ್ರಿಕೆಯನ್ನು ಬೆಲ್‌ಫಾಸ್ಟಿನ ಪುಟ್ಟ ಸಂಸ್ಥೆಯೊಂದು ಹೊರತಂದಿತು. ಪೀಲ್ ಅದನ್ನು ಒಂದೇ ರಾತ್ರಿ ಬೆನ್ನುಬೆನ್ನಿಗೆ ಎರಡು ಬಾರಿ ನುಡಿಸಿದರು. ಆಗ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಕಂಪನಿಯೊಡೆಯ ಸೇಮೋರ್ ಸ್ಟೈನ್ ಅದನ್ನು ಬಾನುಲಿಯಲ್ಲಿ ಕೇಳಿದರು; ಕೆಲವೇ ದಿನಗಳಲ್ಲಿ ಒಪ್ಪಂದವಾಯಿತು. ಜೀವನಪರ್ಯಂತ ಪೀಲ್ ಅವರಿಗೆ ಅತ್ಯಂತ ಪ್ರಿಯವಾಗಿ ಉಳಿದ ಹಾಡು ಅದೇ.

ಸಿಂಥಸೈಜರ್ ಹಿಡಿದವರಿಗೂ ಅವರ ಬಾಗಿಲು ತೆರೆದೇ ಇತ್ತು. ಗಿಟಾರ್ ಪಕ್ಷಪಾತಿಗಳಿಂದ ತುಂಬಿದ್ದ ರಾಕ್ ಲೋಕ ಈ ಯಂತ್ರಗಳನ್ನು ಬಹುಕಾಲ ಅನುಮಾನದಿಂದಲೇ ಕಂಡಿತ್ತು. ಆದರೆ 1973ರಷ್ಟು ಹಿಂದೆಯೇ ಪೀಲ್ ಜರ್ಮನಿಯ ‘ಟ್ಯಾಂಜರೀನ್ ಡ್ರೀಮ್’ ತಂಡದ ‘ಆಟೆಮ್’ ಎಂಬುದನ್ನು ವರ್ಷದ ಶ್ರೇಷ್ಠ ಆಲ್ಬಂ ಎಂದು ಹೆಸರಿಸಿದ್ದರು. ತನ್ನ ನಾಡಿನಾಚೆ ಅಷ್ಟಾಗಿ ಪರಿಚಯವಿಲ್ಲದಿದ್ದ ಆ ತಂಡಕ್ಕೆ ಬ್ರಿಟನ್ನಿನ ದಾರಿ ತೆರೆದದ್ದು ಆಗ. 1978ರಲ್ಲಿ ಡೇನಿಯಲ್ ಮಿಲ್ಲರ್ ಎಂಬ ತರುಣ ಅಗ್ಗದ ಸಿಂಥಸೈಜರ್ ಒಂದನ್ನು ಕೊಂಡು ಮನೆಯಲ್ಲೇ ಹಾಡು ಮುದ್ರಿಸಿ, ‘ದಿ ನಾರ್ಮಲ್’ ಎಂಬ ಹೆಸರಿನಲ್ಲಿ ಹೊರತಂದರು. ಅದನ್ನು ಪೀಲ್ ನುಡಿಸಿದರು. ಹೊದಿಕೆಯ ಮೇಲಿದ್ದ ಮನೆಯ ವಿಳಾಸಕ್ಕೆ ಇತರರು ತಮ್ಮ ಧ್ವನಿಸುರುಳಿಗಳನ್ನು ಕಳಿಸತೊಡಗಿದರು. ಒಂದೇ ಮುದ್ರಿಕೆಗೆಂದು ಇಟ್ಟ ‘ಮ್ಯೂಟ್’ ಎಂಬ ಹೆಸರು ಹೀಗೆ ಸಂಸ್ಥೆಯಾಗಿ ಬೆಳೆದು, ಮುಂದೆ ‘ಡಿಪೆಷ್ ಮೋಡ್’ ತಂಡವನ್ನು ಲೋಕಕ್ಕೆ ನೀಡಿತು. ಶೆಫೀಲ್ಡಿನ ‘ಹ್ಯೂಮನ್ ಲೀಗ್’ ಕೂಡ ಅದೇ ವರ್ಷ ಪೀಲ್ ಸೆಷನ್ನಿಗೆ ಬಂದ ತಂಡ.

ನಲವತ್ತು ಐವತ್ತು ದಾಟಿದ ಮೇಲೆ ಸಂಗೀತಾಭಿರುಚಿ ಹೆಪ್ಪುಗಟ್ಟುವುದು ಮನುಷ್ಯ ಸಹಜ. ನಮ್ಮ ಕಾಲದ ಹಾಡುಗಳೇ ಹಾಡುಗಳು ಎನ್ನದ ಹಿರಿಯರು ಯಾವ ಮನೆಯಲ್ಲಿದ್ದಾರೆ? ಪೀಲ್ ಅವರಿಗೆ ಈ ಕಾಯಿಲೆ ತಟ್ಟಲೇ ಇಲ್ಲ. 1989ರಲ್ಲಿ ‘ದಿ ಆರ್ಬ್’ ತಂಡ ನಾಲ್ಕು ಹಾಡಿನ ಬದಲಿಗೆ ಸುಮಾರು 20 ನಿಮಿಷದ ಒಂದೇ ವಿದ್ಯುನ್ಮಾನ ರಚನೆಯನ್ನು ಅವರ ಸೆಷನ್ನಿಗಾಗಿ ನುಡಿಸಿತು. ಅದಕ್ಕೆ ಎರಡು ವರ್ಷ ಮೊದಲು ‘ನೇಪಾಮ್ ಡೆತ್’ ಎಂಬ ಇನ್ನೊಂದು ತಂಡ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಅಬ್ಬರದ ತುಣುಕುಗಳನ್ನು ಅದೇ ಕಾರ್ಯಕ್ರಮದಲ್ಲಿ ನುಡಿಸಿತ್ತು. 1992ರಲ್ಲಿ ಕಾರ್ನ್‌ವಾಲ್‌ನ ‘ಏಫೆಕ್ಸ್ ಟ್ವಿನ್’, 1998ರಲ್ಲಿ ಸ್ಕಾಟ್ಲೆಂಡಿನ ‘ಬೋರ್ಡ್ಸ್ ಆಫ್ ಕೆನಡಾ’. ಅರವತ್ತರ ಹೊಸ್ತಿಲಲ್ಲಿ ನಿಂತ, ನಾಲ್ಕು ಮಕ್ಕಳ ತಂದೆಯೊಬ್ಬರು ಹುಡುಕಿ ತಂದ ಹೆಸರುಗಳಿವು. 2002ರಲ್ಲಿ ಲಂಡನ್ನಿನ ನೃತ್ಯಶಾಲೆ ‘ಫ್ಯಾಬ್ರಿಕ್’ ತನ್ನ ಸರಣಿಗಾಗಿ ಅವರಿಂದಲೇ ಒಂದು ಸಂಕಲನ ಮಾಡಿಸಿಕೊಂಡಿತು.

ಪ್ರತಿವರ್ಷದ ಕೊನೆಗೆ ಕೇಳುಗರು ಮತ ಹಾಕಿ ಆರಿಸುತ್ತಿದ್ದ ‘ಫೆಸ್ಟಿವ್ ಫಿಫ್ಟಿ’ ಪಟ್ಟಿಯಲ್ಲಿ 1997ರ ಪ್ರಥಮ ಸ್ಥಾನ ‘ಕಾರ್ನರ್‌ಶಾಪ್’ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ ಹಾಡಿಗೆ ದಕ್ಕಿತು. ಪಂಜಾಬಿ ಮೂಲದ ಬ್ರಿಟಿಷ್ ಯುವಕ ತಜಿಂದರ್ ಸಿಂಗ್ ನಮ್ಮ ಆಶಾ ಭೋಸ್ಲೆಯವರ ದನಿಗೆ ಸಲ್ಲಿಸಿದ ಗೌರವವದು. ಮೊದಲು ಹೊರಬಂದಾಗ ಪೇಟೆಯಲ್ಲಿ ಹೆಚ್ಚೇನೂ ಸದ್ದು ಮಾಡದ ಈ ಹಾಡು, ಮರುಮಿಶ್ರಣಗೊಂಡು 1998ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಗ್ರಸ್ಥಾನಕ್ಕೇರಿತು. ಪೀಲ್ ಕೇಳುಗರು ಅದನ್ನು ಮೊದಲೇ ಗುರುತಿಸಿಯಾಗಿತ್ತು.

ಹಳ್ಳಿಯ ಮನೆ, ಮುಗಿಯದ ರಾಶಿ

1974ರಲ್ಲಿ ಶೀಲಾ ಅವರನ್ನು ವಿವಾಹವಾದ ಪೀಲ್, ಸಫೋಕ್ ಸೀಮೆಯ ಗ್ರೇಟ್ ಫಿನ್‌ಬರೋ ಎಂಬ ಹಳ್ಳಿಯಲ್ಲಿ ನೆಲೆಸಿದರು. ಲಿವರ್‌ಪೂಲ್ ಫುಟ್ಬಾಲ್ ತಂಡದ ಮೇಲಿನ ಅಭಿಮಾನ ಮಕ್ಕಳ ಹೆಸರುಗಳಲ್ಲೂ ಸೇರಿಕೊಂಡಿತು. ಮನೆಗೆ ದಿನವೂ ಅಂಚೆಯಲ್ಲಿ ಬಂದು ಬೀಳುತ್ತಿದ್ದ ಮುದ್ರಿಕೆ, ಧ್ವನಿಸುರುಳಿ, ಸಿ.ಡಿ.ಗಳನ್ನು ಕೇಳುವುದಕ್ಕೆ ಲಂಡನ್ನಿಗೆ ಹೋಗಿಬರುವ ಕಾರಿನ ದಾರಿಯನ್ನೂ ಬಳಸಿಕೊಳ್ಳುತ್ತಿದ್ದರು. ಬಂದದ್ದನ್ನೆಲ್ಲ ಕೇಳಿ ಮುಗಿಸಲಾಗದೆಂಬ ಕೊರಗು ಅವರನ್ನು ಬಿಡಲಿಲ್ಲ. ಸಂಗ್ರಹ ಬೆಳೆದು ಸುಮಾರು 26,000 ಎಲ್.ಪಿ. ತಟ್ಟೆಗಳು, 40,000 ಸಿಂಗಲ್‌ಗಳು ಮನೆ ತುಂಬಿದವು. ಒಂದೊಂದು ಎಲ್.ಪಿ.ಗೂ ಸಂಖ್ಯೆ ಕೊಟ್ಟು, ಗ್ರಂಥಾಲಯದ ಪದ್ಧತಿಯಂತೆ ಚೀಟಿಯಲ್ಲಿ ಬೆರಳಚ್ಚು ಮಾಡಿಡುತ್ತಿದ್ದರು.

ಕೀರ್ತಿ ತಡವಾಗಿ ಬಂದಿತು. 1998ರಲ್ಲಿ ಒ.ಬಿ.ಇ. ಪುರಸ್ಕಾರ, ಅದೇ ವರ್ಷ ಆರಂಭವಾದ ರೇಡಿಯೋ 4ರ ‘ಹೋಮ್ ಟ್ರೂತ್ಸ್’ ಕಾರ್ಯಕ್ರಮದಿಂದ, ಪಾಪ್ ಸಂಗೀತದ ಗಂಧವಿಲ್ಲದ ಗೃಹಸ್ಥರಿಗೂ ಅವರ ದನಿ ಪರಿಚಿತವಾಯಿತು. 2001ರಲ್ಲಿ ಮಧುಮೇಹ ಕಾಣಿಸಿಕೊಂಡಿತು. 2004ರಲ್ಲಿ ರೇಡಿಯೋ 1 ಅವರ ಕಾರ್ಯಕ್ರಮವನ್ನು ರಾತ್ರಿ 10ರಿಂದ 11 ಗಂಟೆಗೆ ತಳ್ಳಿತು. ನಡುರಾತ್ರಿ ಕಳೆದು ಒಂದು ಗಂಟೆಗೆ ಕೆಲಸ ಮುಗಿಸಿ ಸಫೋಕ್‌ಗೆ ಮರಳುವುದು ಅರವತ್ತೈದರ ದೇಹಕ್ಕೆ ಭಾರವಾಗಿತ್ತು. ಈ ಬದಲಾವಣೆ ಅವರಿಗೆ ನೋವು ತಂದಿತ್ತು.

2004ರ ಅಕ್ಟೋಬರ್ 14ರಂದು ಕೊನೆಯ ಕಾರ್ಯಕ್ರಮ ನಡೆಸಿಕೊಟ್ಟು, ಪತ್ನಿಯೊಡನೆ ಪೆರು ದೇಶಕ್ಕೆ ತೆರಳಿದರು. ಅರ್ಧ ವಿಹಾರ, ಅರ್ಧ ಪತ್ರಿಕೆಯೊಂದಕ್ಕಾಗಿ ಪ್ರವಾಸ ಬರಹ. ಅಕ್ಟೋಬರ್ 25ರಂದು ಕುಸ್ಕೋ ನಗರದಲ್ಲಿ ಹೃದಯಾಘಾತದಿಂದ ನಿಧನರಾದರು. ಅಂತ್ಯಕ್ರಿಯೆಯ ದಿನ ಬರಿ ಸೇಂಟ್ ಎಡ್ಮಂಡ್ಸ್‌ನ ಪ್ರಧಾನ ಚರ್ಚಿನಲ್ಲಿ ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಫಿನ್‌ಬರೋದ ಸಮಾಧಿಯ ಕಲ್ಲಿನ ಮೇಲೆ ‘ಟೀನೇಜ್ ಕಿಕ್ಸ್’ ಹಾಡಿನ ಸಾಲೊಂದನ್ನು ಕೆತ್ತಲಾಗಿದೆ. ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹೊಸ ತಂಡಗಳು ನುಡಿಸುತ್ತಿದ್ದ ಡೇರೆಗೆ 2005ರಲ್ಲಿ ಅವರ ಹೆಸರಿಡಲಾಯಿತು. 2023ರಲ್ಲಿ ಅದು ‘ವುಡ್ಸೀಸ್’ ಎಂದಾಯಿತು. 2012ರಲ್ಲಿ ಅವರ ಸಂಗ್ರಹದ ಒಂದೊಂದು ಅಕ್ಷರದಿಂದ ಮೊದಲ ನೂರು ಎಲ್.ಪಿ.ಗಳ ವಿವರವನ್ನು, ಆ ಬೆರಳಚ್ಚಿನ ಚೀಟಿಗಳ ಸಮೇತ, ಅಂತರ್ಜಾಲದಲ್ಲಿ ತೆರೆದಿಡಲಾಯಿತು.

ಅವರ ಆತ್ಮಕಥೆ ‘ಮಾರ್ಗ್ರೇವ್ ಆಫ್ ದಿ ಮಾರ್ಷಸ್’ 2005ರಲ್ಲಿ ಹೊರಬಂದಿತು. ಅಮೆರಿಕದ ದಿನಗಳ ತನಕ ಬರೆದಿಟ್ಟು ಅವರು ಹೋಗಿಬಿಟ್ಟಿದ್ದರು. ಉಳಿದ ಭಾಗವನ್ನು ದಿನಚರಿಗಳ ನೆರವಿನಿಂದ ಬರೆದು ಮುಗಿಸಿದವರು ಶೀಲಾ. ಅದೇ ವರ್ಷದ ಆರಂಭದಲ್ಲಿ, ಪೀಲ್ ಒಬ್ಬರೇ ನಡೆಸುತ್ತಿದ್ದ ರಾತ್ರಿಯ ಹೊತ್ತಿಗೆ ರೇಡಿಯೋ 1 ಮೂವರು ನಿರೂಪಕರನ್ನು ನೇಮಿಸಿತು.